ಸಿಮ್ ಇರುವ ಕಾರು, ಕಣ್ಣಿರುವ ಕಾರು: ಕಿಂಡಿ ಮುಚ್ಚಿಕೊಳ್ಳುವುದು ಹೇಗೆ?

"ನಮ್ ಕಾರನ್ನ ಯಾರಾದ್ರೂ ಎಲ್ಲೋ ಕೂತ್ಕೊಂಡು ಓಡಿಸಿಬಿಡಬಹುದಾ ಸರ್?"

ದಾವಣಗೆರೆ, ಹರಿಹರ, ದುರ್ಗ, ಚಳ್ಳಕೆರೆ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಹೊಸ ಕಾರು ಮನೆ ಮುಂದೆ ನಿಂತಿರುತ್ತದೆ. ಲೇನ್ ತಪ್ಪಿದರೆ ಸ್ಟೀರಿಂಗ್ ತಾನೇ ಎಳೆಯುತ್ತದೆ, ಮುಂದಿನ ಲಾರಿ ನಿಧಾನಿಸಿದರೆ ತಾನೇ ಬ್ರೇಕ್ ಹಾಕುತ್ತದೆ, ಫೋನಿನಲ್ಲಿ ಒತ್ತಿದರೆ ಎಸಿ ಶುರುವಾಗುತ್ತದೆ. ಮೊದಲ ವಾರ ಖುಷಿ. ಎರಡನೇ ವಾರ ಯಾರೋ ಒಂದು ವಿಡಿಯೊ ಕಳಿಸುತ್ತಾರೆ, ಅಲ್ಲಿಂದ ಭಯ ಶುರು.

ಚಿಕ್ಕ ಉತ್ತರ: ದೂರ ಕೂತು ಕಾರನ್ನು ಹಿಡಿತಕ್ಕೆ ತೆಗೆದುಕೊಂಡದ್ದು ನಿಜವಾಗಿ ನಡೆದಿದೆ. ಆದರೆ ನಿಮಗೆ ಅದು ಆಗುವ ಸಾಧ್ಯತೆ ತೀರಾ ಕಡಿಮೆ. ನಿಮಗೆ ಆಗಬಹುದಾದದ್ದು ಬೇರೆಯದೇ: ಕಾರು ಮಾರಿದವರ ಫೋನಿನಲ್ಲಿ ನಿಮ್ಮ ಕಾರು ಇನ್ನೂ ಕಾಣುತ್ತಿರುವುದು, ಆಕ್ಸೆಸರಿ ಅಂಗಡಿಯಲ್ಲಿ ಕತ್ತರಿಸಬಾರದ ವೈರ್ ಕತ್ತರಿಸಿರುವುದು, ಕ್ಯಾಮೆರಾವನ್ನು ನಂಬಿ ನೀವು ರಸ್ತೆ ನೋಡದಿರುವುದು. ಈ ಲೇಖನ ಅವುಗಳಿಗಾಗಿ.

ಭದ್ರತೆಯಲ್ಲಿ ಉಳಿದುಹೋದ ತೂತಿಗೆ ತಂತ್ರಜ್ಞರು ದೊಡ್ಡ ದೊಡ್ಡ ಹೆಸರು ಇಟ್ಟುಕೊಂಡಿದ್ದಾರೆ. ನಾನು ಕಿಂಡಿ ಅನ್ನುತ್ತೇನೆ. ಏಳು ಸುತ್ತಿನ ಕೋಟೆಯ ಊರಿನವರಿಗೆ ಕಿಂಡಿ ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಏನೇನು ಬೇಕು?

ಒಂದೂವರೆ ಗಂಟೆ ಬಿಡುವು, ಕಾರಿನ ಎರಡೂ ಕೀಗಳು, ಕಾರಿನ ಆಪ್ ಇರುವ ಫೋನ್, ಆರ್‌ಸಿ, ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಇಟ್ಟಿರುವ ಓನರ್ಸ್ ಮ್ಯಾನ್ಯುಯಲ್, ಒಂದು ಪುಟ್ಟ ನೋಟ್‌ಬುಕ್. ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುವ ಜಾಗದಲ್ಲಿ ಕಾರು ನಿಲ್ಲಿಸಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಬೇಡ.

ಹಂತ 1: ನಿಮ್ಮ ಕಾರು ಎಷ್ಟರ ಮಟ್ಟಿಗೆ ಸ್ವಯಂಚಾಲಿತ?

ಕಾರಿನ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಮಟ್ಟಗಳಲ್ಲಿ ಅಳೆಯುತ್ತಾರೆ. 0 ಅಂದರೆ ಎಲ್ಲವೂ ನೀವೇ. 1ರಲ್ಲಿ ಸ್ಟೀರಿಂಗ್ ಇಲ್ಲವೇ ವೇಗ, ಎರಡರಲ್ಲಿ ಒಂದಕ್ಕೆ ಕಾರು ಕೈಜೋಡಿಸುತ್ತದೆ. 2ರಲ್ಲಿ ಎರಡಕ್ಕೂ ಕೈಜೋಡಿಸುತ್ತದೆ, ಆದರೆ ಜವಾಬ್ದಾರಿ ಪೂರ್ತಿ ನಿಮ್ಮದೇ. 3ರಲ್ಲಿ ಕೆಲವು ಸಂದರ್ಭಗಳಲ್ಲಿ ಕಾರೇ ನೋಡಿಕೊಳ್ಳುತ್ತದೆ, ಕರೆದಾಗ ನೀವು ಸಿಗಬೇಕು. 4ರಲ್ಲಿ ಗೊತ್ತುಪಡಿಸಿದ ಪ್ರದೇಶದೊಳಗೆ ಡ್ರೈವರೇ ಬೇಡ. ಅಮೆರಿಕದ ಕೆಲವು ನಗರಗಳಲ್ಲಿ ಓಡುವ ವೇಮೊ ಟ್ಯಾಕ್ಸಿಗಳು ಈ ಮಟ್ಟದವು. 5 ಅಂದರೆ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ. ಅದು ಇನ್ನೂ ಯಾವ ದೇಶದಲ್ಲೂ ಮಾರಾಟಕ್ಕಿಲ್ಲ.

ನಮ್ಮ ರಸ್ತೆಯಲ್ಲಿ 0 ಬಿಟ್ಟರೆ ಈಗ ಇರುವವು 1 ಮತ್ತು 2. ಜಾಹೀರಾತಿನಲ್ಲಿ ಇದಕ್ಕೇ ಅಡಾಸ್ ಅನ್ನುವುದು, ಅಂದರೆ ಚಾಲಕನಿಗೆ ನೆರವಾಗುವ ವ್ಯವಸ್ಥೆ. ನೆರವು ಅನ್ನುವ ಪದವನ್ನು ಗಮನಿಸಿ. ಪೂರ್ತಿ ಚಾಲಕರಹಿತ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ, ಡ್ರೈವರ್‌ಗಳ ಕೆಲಸ ಹೋಗುತ್ತದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲಿ ಹೇಳಿದ್ದರು, 2023ರಲ್ಲೂ ಅದನ್ನೇ ಹೇಳಿದರು. ಹಾಗಾಗಿ ಡ್ರೈವರ್ ಇಲ್ಲದ ಟ್ಯಾಕ್ಸಿ ಪಿ.ಬಿ. ರೋಡಿನಲ್ಲಿ ಬಂದು ನಿಂತರೆ ಏನು ಮಾಡಬೇಕು ಎಂದು ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕಾರಿನ ಹತ್ತಿರ ಹೋಗಿ ಮೂರು ವಿಷಯ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಸಿಮ್ ಇದೆಯೇ? ಒಳಗಿನ ಕನ್ನಡಿಯ ಹತ್ತಿರವೋ ಮೇಲ್ಛಾವಣಿಯಲ್ಲೋ ಎಸ್‌ಒಎಸ್ ಎಂಬ ಬಟನ್ ಇದ್ದರೆ, ಅಥವಾ ಕಾರು ಎಲ್ಲಿದೆ ಎಂದು ಫೋನಿನ ಆಪ್ ತೋರಿಸಿದರೆ, ಒಳಗೆ ಇ-ಸಿಮ್ ಇದೆ ಎಂದೇ ತಿಳಿಯಿರಿ. ಇ-ಸಿಮ್ ಅಂದರೆ ಕಾರ್ಖಾನೆಯಲ್ಲೇ ಕೂರಿಸಿದ, ಕೈಯಲ್ಲಿ ತೆಗೆಯಲಾಗದ ಸಿಮ್.

ಕಣ್ಣಿದೆಯೇ? ಮುಂದಿನ ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ, ಮುಂದಿನ ಗ್ರಿಲ್ಲಿನಲ್ಲಿ ಅಥವಾ ಬಂಪರಿನಲ್ಲಿ ನಯವಾದ ಕಪ್ಪು ಪಟ್ಟಿಯಂತೆ ಕಾಣುವ ರಾಡಾರ್. ಕೆಲವು ಕಾರುಗಳಲ್ಲಿ ಕ್ಯಾಮೆರಾ ಮಾತ್ರ ಇರುತ್ತದೆ.

ಕೀ ಜೇಬಿನಲ್ಲೇ ಇದ್ದರೂ ಬಾಗಿಲು ತೆರೆಯುತ್ತದೆಯೇ? ಹೌದಾದರೆ ನಿಮ್ಮದು ಕೀಲೆಸ್ ಕಾರು, 4ನೇ ಹಂತ ನಿಮಗೆ ಮುಖ್ಯ.

ಸಿಮ್ ಇಲ್ಲದಿದ್ದರೆ 2ನೇ ಹಂತ ಬಿಡಿ. ಕಣ್ಣಿಲ್ಲದಿದ್ದರೆ 7ನೇ ಹಂತ ಬಿಡಿ. ಉಳಿದದ್ದು ಎಲ್ಲರಿಗೂ.

ಹಂತ 2: ಆಪ್ ಖಾತೆಗೆ ಬೀಗ

ಕಾರಿನ ಬಾಗಿಲಿಗಿಂತ ಆಪ್‌ನ ಪಾಸ್‌ವರ್ಡ್ ಮುಖ್ಯ ಎಂದರೆ ಹಿರಿಯರು ನಗುತ್ತಾರೆ. ಬಾಗಿಲು ತೆರೆಯುವುದು, ಕಾರು ಎಲ್ಲಿದೆ ನೋಡುವುದು, ಕೆಲವದರಲ್ಲಿ ಎಂಜಿನ್ ಶುರು ಮಾಡುವುದು, ಎಲ್ಲವೂ ಅದರ ಕೈಯಲ್ಲಿದೆ.

ಮೊದಲು ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಡೆಲಿವರಿ ದಿನದ ಗಡಿಬಿಡಿಯಲ್ಲಿ, ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಹೊತ್ತಿನಲ್ಲಿ, ಶೋರೂಮಿನ ಹುಡುಗ ತನ್ನದೇ ಇ-ಮೇಲ್ ಹಾಕಿ ಆಪ್ ಶುರು ಮಾಡಿಕೊಟ್ಟಿರಬಹುದು. ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಬೇಗ ಮುಗಿಯಲಿ ಅಂತ ಅಷ್ಟೇ. ಆದರೆ ಖಾತೆಯ ಯಜಮಾನ ಅವನಾಗಿರುತ್ತಾನೆ. ನಿಮ್ಮ ಇ-ಮೇಲ್, ನಿಮ್ಮ ನಂಬರ್ ಇರಬೇಕು. ಬೇರೆಯವರದು ಕಂಡರೆ ಬದಲಾಯಿಸಿ.

ಪಾಸ್‌ವರ್ಡ್ ಕಾರಿನ ನಂಬರ್ ಆಗಿರಬಾರದು, ಹುಟ್ಟಿದ ದಿನ ಆಗಿರಬಾರದು. ಬಾಗಿಲು ತೆರೆಯಲು ಆಪ್ ಬೇರೆ ಪಿನ್ ಕೇಳುವ ಆಯ್ಕೆ ಇದ್ದರೆ ಆನ್ ಮಾಡಿ. "ಹಂಚಿಕೊಂಡ ಬಳಕೆದಾರರು" ಎಂಬ ಪಟ್ಟಿ ಇರುತ್ತದೆ, ಅದನ್ನು ತೆರೆದು ನೋಡಿ. ಕೆಲಸ ಬಿಟ್ಟ ಡ್ರೈವರ್, ಹಿಂದೊಮ್ಮೆ ಕಾರು ಒಯ್ದ ಭಾವಮೈದುನನ ಗೆಳೆಯ, ಇವರೆಲ್ಲ ಅಲ್ಲೇ ಕೂತಿರುತ್ತಾರೆ.

ನೀವು ಎಷ್ಟೇ ಜಾಗ್ರತೆ ಮಾಡಿದರೂ ಕಂಪನಿಯ ಕಡೆ ಕಿಂಡಿ ಇರಬಹುದು ಎನ್ನುವುದೂ ಗೊತ್ತಿರಲಿ. 2016ರಲ್ಲಿ ನಿಸಾನ್ ಲೀಫ್ ಎಂಬ ವಿದ್ಯುತ್ ಕಾರಿನ ಆಪ್, ಗಾಜಿನ ಮೂಲೆಯಲ್ಲಿ ಯಾರು ಬೇಕಾದರೂ ಓದಬಹುದಾದ ಚಾಸಿ ನಂಬರ್ ಒಂದನ್ನೇ ನಂಬಿ ಎಸಿ ಚಾಲೂ ಮಾಡಲು ಬಿಡುತ್ತಿತ್ತು. ಬಯಲಾದ ಮೇಲೆ ಕಂಪನಿ ಆ ಸೇವೆಯನ್ನೇ ನಿಲ್ಲಿಸಬೇಕಾಯಿತು. 2024ರಲ್ಲಿ ಅಮೆರಿಕದ ಕಿಯಾ ಕಾರುಗಳ ವಿಷಯದಲ್ಲಿ ಸಂಶೋಧಕರು ಇನ್ನೂ ಮುಂದೆ ಹೋದರು. ಬರೀ ನಂಬರ್ ಪ್ಲೇಟ್ ಹಿಡಿದು, ಡೀಲರ್‌ಗಳಿಗೆಂದು ಇದ್ದ ವೆಬ್ ವ್ಯವಸ್ಥೆಯ ದೋಷದ ಮೂಲಕ, ಬಾಗಿಲು ತೆರೆಯುವಷ್ಟು ಹಿಡಿತ ಪಡೆದು ತೋರಿಸಿದರು. ಕಂಪನಿ ಸರಿಪಡಿಸಿದ ಮೇಲಷ್ಟೇ ವಿಷಯ ಹೊರಗೆ ಹೇಳಿದರು. ಇಂಥದ್ದಕ್ಕೆ ನೀವು ಮಾಡಬಹುದಾದದ್ದು ಒಂದೇ: ಆಪ್ ಅನ್ನು ಅಪ್‌ಡೇಟ್ ಮಾಡುತ್ತಿರುವುದು, ಬಳಸದ ಸೌಲಭ್ಯ ಆಫ್ ಮಾಡಿಡುವುದು.

ಎಚ್ಚರಿಕೆ: ವಾಟ್ಸ್‌ಆಪ್‌ನಲ್ಲಿ "ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ" ಎಂದು ಚಲನ್ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಎಪಿಕೆ ಅಂದರೆ ಪ್ಲೇ ಸ್ಟೋರ್ ದಾಟಿಕೊಂಡು ನೇರವಾಗಿ ಫೋನಿಗೆ ಇಳಿಯುವ ಆಪ್. ಅದನ್ನು ಹಾಕಿಕೊಂಡರೆ ಒಟಿಪಿಗಳು ಕಳ್ಳನ ಕೈಗೆ ಹೋಗುತ್ತವೆ. ಬ್ಯಾಂಕಿನದೂ ಹೋಗುತ್ತದೆ, ಕಾರಿನದೂ ಹೋಗುತ್ತದೆ. ದಂಡ ನಿಜವೇ ಎಂದು ನೋಡಬೇಕಾದರೆ ಸರ್ಕಾರದ ಪರಿವಾಹನ್ ತಾಣದಲ್ಲಿ ನೀವೇ ಹೋಗಿ ನೋಡಿ.

ಹಂತ 3: ಸೆಕೆಂಡ್ ಹ್ಯಾಂಡ್ ಕಾರು

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಕಿಂಡಿ. ಸುದ್ದಿಯಲ್ಲಿ ಬರುವುದೇ ಇಲ್ಲ.

ಎರಡು ವರ್ಷದ ಕೆಳಗೆ ನಮ್ಮ ಮನೆಗೆ ಒಂದು ಹಳೆಯ ಕಾರು ತಂದೆವು. ಒಂದು ತಿಂಗಳಾದ ಮೇಲೆ ಮಾರಿದವರು ಫೋನ್ ಮಾಡಿ, "ಏನ್ರೀ, ನಿನ್ನೆ ವಾಣಿವಿಲಾಸ ಸಾಗರಕ್ಕೆ ಹೋಗಿದ್ರಾ, ನೀರು ಎಷ್ಟಿದೆ?" ಎಂದು ಕೇಳಿದರು. ಪಾಪ, ಒಳ್ಳೆಯವರು, ಅದಕ್ಕೇ ಕೇಳಿದರು. ಅವರ ಆಪ್‌ನಲ್ಲಿ ಕಾರು ಇನ್ನೂ ಓಡಾಡುತ್ತಿತ್ತು. ಆರ್‌ಸಿ ನಮ್ಮ ಹೆಸರಿಗೆ ಆಗಿತ್ತು, ವಿಮೆ ಆಗಿತ್ತು. ಆಪ್ ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಆರ್‌ಟಿಒ ಕಚೇರಿಯ ಫಾರಂ 29, ಫಾರಂ 30 ಕಾರಿನ ಮಾಲೀಕತ್ವವನ್ನು ವರ್ಗ ಮಾಡುತ್ತವೆ. ಕಾರಿನೊಳಗಿನ ಸಿಮ್‌ಗೆ, ಆಪ್ ಖಾತೆಗೆ ಅವು ಸಂಬಂಧವೇ ಇಲ್ಲ. ಅದನ್ನು ನೀವೇ ಮಾಡಬೇಕು.

ಕೊಳ್ಳುವವರಾದರೆ, ದುಡ್ಡು ಕೊಡುವ ಮುಂಚೆ, ಮಾರುವವರು ಎದುರಿಗೆ ಇದ್ದಾಗಲೇ ಈ ಕ್ರಮದಲ್ಲಿ ಮಾಡಿ. ಮೊದಲು ಅವರ ಫೋನಿನ ಆಪ್‌ನಿಂದ ಕಾರನ್ನು ತೆಗೆಸಿ. ಆಪ್ ಅಳಿಸಿದರೆ ಸಾಲದು, ಖಾತೆಯಿಂದ ವಾಹನ ತೆಗೆಯಬೇಕು. ಇಲ್ಲೇ ಬಹಳ ಜನ ಎಡವುವುದು. ಆಮೇಲೆ ಕಾರಿನ ಸ್ಕ್ರೀನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಒಳಗಿನದನ್ನೆಲ್ಲ ಅಳಿಸುವುದು. ಜೋಡಿಸಿದ್ದ ಬ್ಲೂಟೂತ್ ಫೋನುಗಳ ಪಟ್ಟಿ ಖಾಲಿಯಾಯಿತೇ ನೋಡಿ. ಆಮೇಲೆ ನಿಮ್ಮ ಹೆಸರಲ್ಲಿ ಖಾತೆ ತೆರೆಯಿರಿ. "ಈ ವಾಹನ ಈಗಾಗಲೇ ನೋಂದಣಿಯಾಗಿದೆ" ಎಂದು ಬಂದರೆ ಹಳೆಯ ಖಾತೆ ಇನ್ನೂ ಜೀವಂತ ಇದೆ ಎಂದರ್ಥ. ಮಾರಿದವರು ಸಿಗದಿದ್ದರೆ ನಿಮ್ಮ ಹೆಸರಿನ ಆರ್‌ಸಿ ಹಿಡಿದು ಕಂಪನಿಯ ಗ್ರಾಹಕ ಸೇವೆಗೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಬೇಡ, ಇ-ಮೇಲ್ ಕಳಿಸಿ.

ಎರಡು ಕೀ ಕೇಳಿ ಪಡೆಯಿರಿ. "ಇನ್ನೊಂದು ಎಲ್ಲೋ ಕಳೆದುಹೋಯ್ತು" ಅಂದರೆ, ಕಾರಿನ ನೆನಪಿನಿಂದ ಆ ಕಳೆದ ಕೀಯನ್ನು ಅಳಿಸಿಕೊಡಿ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇದಕ್ಕೆ ಖರ್ಚಾಗುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ.

ಮಾರುವವರಾದರೆ ಇದೇ ಕೆಲಸ ನಿಮ್ಮ ಕಡೆಯಿಂದ ಮಾಡಿ. ಸ್ಕ್ರೀನಿನೊಳಗೆ ನಿಮ್ಮ ಫೋನಿನ ಹೆಸರುಗಳ ಪಟ್ಟಿ, ಕರೆಗಳು, "ಮನೆ" ಎಂದು ಗುರುತು ಹಾಕಿದ ವಿಳಾಸ ಎಲ್ಲ ಇರುತ್ತದೆ. ಫಾಸ್ಟ್ಯಾಗನ್ನೂ ಮುಚ್ಚಿಸಿ, ಇಲ್ಲದಿದ್ದರೆ ಹೊಸ ಮಾಲೀಕರು ಹೆಬ್ಬಾಳು ಟೋಲ್ ದಾಟಿದಾಗಲೆಲ್ಲ ನಿಮ್ಮ ಫೋನು ಕುಂಯ್ ಅನ್ನುತ್ತದೆ.

ಹಂತ 4: ಜೇಬಿನಲ್ಲಿರುವ ಕೀ

ಕೀಲೆಸ್ ಕಾರಿನಲ್ಲಿ ಕೀ ಮತ್ತು ಕಾರು ರೇಡಿಯೊ ಸಿಗ್ನಲ್ಲಿನಲ್ಲಿ ಮಾತಾಡಿಕೊಳ್ಳುತ್ತವೆ. ಹತ್ತಿರ ಇದ್ದರೆ ಮಾತ್ರ ಕೇಳಿಸಬೇಕು ಎನ್ನುವುದು ಲೆಕ್ಕ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಮನೆ ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಒಳಗೆ ಟಿವಿ ಸ್ಟ್ಯಾಂಡಿನ ಮೇಲಿರುವ ಕೀಯ ಸಿಗ್ನಲ್ಲನ್ನು ಮೊದಲನೆಯವನು ಹಿಗ್ಗಿಸಿ ಎರಡನೆಯವನಿಗೆ ದಾಟಿಸುತ್ತಾನೆ. ಕೀ ಪಕ್ಕದಲ್ಲೇ ಇದೆ ಅಂದುಕೊಂಡು ಕಾರು ಬಾಗಿಲು ತೆರೆಯುತ್ತದೆ. ಇದಕ್ಕೆ ರಿಲೇ ದಾಳಿ ಎಂದು ಹೆಸರು.

ಮಾಡಬೇಕಾದದ್ದು ಸುಲಭ. ಸಿಗ್ನಲ್ ತಡೆಯುವ ಲೋಹದ ಪದರದ ಚೀಲ ಸಿಗುತ್ತದೆ, ಎರಡು ತಂದು ಎರಡೂ ಕೀ ಹಾಕಿ. ಅಡುಗೆಮನೆಯ ಸ್ಟೀಲ್ ಡಬ್ಬಿ ಸಾಕಲ್ಲವೇ ಎಂದು ಕೇಳುವವರಿಗೆ: ಕೆಲವು ಡಬ್ಬಿ ಸಾಕು, ಕೆಲವು ಸಾಲದು. ಕೀ ಒಳಗಿಟ್ಟು ಮುಚ್ಚಿ, ಡಬ್ಬಿ ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ ಹಿಡಿಕೆ ಎಳೆಯಿರಿ. ತೆರೆದರೆ ಆ ಡಬ್ಬಿಯನ್ನು ಮತ್ತೆ ಚಟ್ನಿಪುಡಿಗೇ ಕೊಟ್ಟುಬಿಡಿ. ಚೀಲವನ್ನೂ ಹೀಗೇ ಆಗಾಗ ಪರೀಕ್ಷಿಸಿ, ಒಳಪದರ ಮಡಿಕೆಯಲ್ಲಿ ಸವೆಯುತ್ತದೆ. ಕೆಲವು ಕಾರುಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಆಫ್ ಮಾಡಬಹುದು, ಮ್ಯಾನ್ಯುಯಲ್ ನೋಡಿ.

ಇನ್ನು ಸ್ಟೀರಿಂಗಿಗೆ ಹಾಕುವ ಹಳೆಯ ಕಬ್ಬಿಣದ ಲಾಕ್. ನೋಡಲು ಚೆಂದ ಇಲ್ಲ, ನಿಜ. ಆದರೆ ಅದಕ್ಕೆ ಸಾಫ್ಟ್‌ವೇರ್ ಇಲ್ಲ, ಹ್ಯಾಕ್ ಮಾಡಲು ಬರುವುದಿಲ್ಲ.

ಹಂತ 5: ವೈರ್ ಕತ್ತರಿಸುವವರು, ಪೋರ್ಟಿಗೆ ಚುಚ್ಚುವವರು

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಲೇಬೇಕು. ಕಾರಿನೊಳಗೆ ಡಜನ್‌ಗಟ್ಟಲೆ ಪುಟ್ಟ ಕಂಪ್ಯೂಟರುಗಳಿವೆ: ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು. ಅವೆಲ್ಲ ಮಾತಾಡಿಕೊಳ್ಳುವ ಜೋಡಿ ತಂತಿಗೆ ಕ್ಯಾನ್ ಎನ್ನುತ್ತಾರೆ. 1980ರ ದಶಕದಲ್ಲಿ ಜರ್ಮನಿಯ ಬಾಷ್ ಕಂಪನಿ ರೂಪಿಸಿದ್ದು. ಹಳ್ಳಿಯ ಕಟ್ಟೆ ಇದ್ದಂತೆ: ಒಬ್ಬ ಹೇಳಿದ್ದು ಎಲ್ಲರಿಗೂ ಕೇಳುತ್ತದೆ, ಹೇಳಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕಾರಿಗೆ ಇಂಟರ್ನೆಟ್ ಬರುತ್ತದೆ ಎಂದು ಆಗ ಯಾರು ಅಂದುಕೊಂಡಿದ್ದರು? ಹೊಸ ಕಾರುಗಳಲ್ಲಿ ನಡುವೆ ಕಾವಲುಗಾರನಂತೆ ಗೇಟ್‌ವೇ ಎಂಬ ಭಾಗ ಇಡುತ್ತಾರೆ. ಆದರೂ ಒಂದು ಸಲ ಆ ತಂತಿಗೆ ಕೈ ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. ಮುಂದಿನ ಹೆಡ್‌ಲೈಟಿನ ಹಿಂದಿನ ತಂತಿಗೆ ಉಪಕರಣ ಸಿಕ್ಕಿಸಿ, "ಸರಿಯಾದ ಕೀ ಬಂದಿದೆ" ಎಂದು ಸುಳ್ಳು ಸಂದೇಶ ಹಾಕಿ ಕಾರು ಕದಿಯುವ ವಿಧಾನ 2023ರಲ್ಲಿ ಬ್ರಿಟನ್ನಿನಲ್ಲಿ ಬಯಲಾಯಿತು. ಕೀ ಇಟ್ಟ ಚೀಲ ಅಲ್ಲಿ ಉಪಯೋಗಕ್ಕೇ ಬರಲಿಲ್ಲ.

ನಿಮ್ಮ ಕಾರಿನಲ್ಲಿ ಆ ತಂತಿಗೆ ಕಂಪನಿಯೇ ಕೊಟ್ಟ ಬಾಗಿಲು ಒಂದಿದೆ. ಸ್ಟೀರಿಂಗ್ ಕೆಳಗೆ, ಮೊಣಕಾಲ ಹತ್ತಿರ ಬಗ್ಗಿ ನೋಡಿ. 16 ಪಿನ್ನಿನ ಚಪ್ಪಟೆ ಸಾಕೆಟ್, ಹೆಸರು ಒಬಿಡಿ ಪೋರ್ಟ್. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವುದು ಇಲ್ಲೇ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಬ್ಲೂಟೂತ್ ಡಾಂಗಲ್ ಎಂಬ ಪುಟ್ಟ ಉಪಕರಣ ಸಿಗುತ್ತದೆ, ಮೈಲೇಜ್ ನೋಡಬಹುದು ಎಂದು ತಂದು ಚುಚ್ಚಿ ಅಲ್ಲೇ ಬಿಡುತ್ತಾರೆ. ಅದರ ಪಾಸ್‌ವರ್ಡ್ ಬಹುತೇಕ 1234 ಇಲ್ಲವೇ 0000. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ವಿಮೆ ಕಂಪನಿಗಳು ಕೊಡುವ ಇಂಥದೇ ಒಂದು ಡಾಂಗಲ್ಲಿಗೆ ಎಸ್‌ಎಂಎಸ್ ಕಳಿಸಿ, ನಿಧಾನ ಚಲಿಸುತ್ತಿದ್ದ ಕಾರ್ವೆಟ್ ಕಾರಿನ ಬ್ರೇಕನ್ನು ಹಿಡಿತಕ್ಕೆ ತೆಗೆದುಕೊಂಡು ತೋರಿಸಿದ್ದರು.

ಹಾಗಾಗಿ: ಪೋರ್ಟಿನಲ್ಲಿ ಏನಾದರೂ ಚುಚ್ಚಿಕೊಂಡಿದೆಯೇ ನೋಡಿ. ಇದ್ದರೆ ಯಾರದು, ಏಕೆ ಎಂದು ಕೇಳಿ. ನಿಮ್ಮದೇ ಡಾಂಗಲ್ ಆಗಿದ್ದರೆ ಕೆಲಸವಾದ ಮೇಲೆ ಕಿತ್ತಿಡಿ. ಟ್ಯಾಕ್ಸಿ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ: ಎಐಎಸ್-140 ಎಂಬ ನಿಯಮದಂತೆ ಸಾರ್ವಜನಿಕ ವಾಹನಗಳಿಗೆ ಹಾಕಿಸಿದ ಟ್ರ್ಯಾಕರ್, ತುರ್ತು ಬಟನ್ ಬೇರೆ. ಅದನ್ನು ಕೀಳಬೇಡಿ.

ಆಕ್ಸೆಸರಿ ಅಂಗಡಿಗೆ ಹೋದಾಗ ಈ ಪ್ರಶ್ನೆ ಕೇಳಿ: "ವೈರ್ ಕತ್ತರಿಸ್ತೀರೋ, ಕಪ್ಲರ್ ಹಾಕ್ತೀರೋ?" ಕಪ್ಲರ್ ಅಂದರೆ ಕಂಪನಿಯ ಸಾಕೆಟ್ಟಿಗೇ ಕೂರುವ ಜೋಡಣೆ. ಹೆಚ್ಚು ವಾಟಿನ ಲೈಟು, ದೊಡ್ಡ ಹಾರ್ನು, ಹೊಸ ಆಂಡ್ರಾಯ್ಡ್ ಸ್ಕ್ರೀನು, ಯಾವುದಕ್ಕೇ ಆಗಲಿ ಕತ್ತರಿಸುತ್ತೇವೆ ಅಂದರೆ ವಾಪಸ್ ಬನ್ನಿ. ವಾರಂಟಿ ಹೋಗುವುದು ಒಂದು ಕಡೆ, ಅಡಾಸ್ ಇರುವ ಕಾರಿನಲ್ಲಿ ಬ್ರೇಕಿಗೆ ಹೇಳಬೇಕಾದ ಮಾತು ತಪ್ಪಿ ಕೇಳಿಸಿದರೆ ಆಗುವುದೇ ಬೇರೆ. ಇಮ್ಮೊಬಿಲೈಸರ್ ಬೈಪಾಸ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರವಂತೂ ಹೋಗಲೇಬೇಡಿ. ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಬೀಗ ಅದು.

ಹಂತ 6: ಅಪ್‌ಡೇಟ್

ಕಾರಿನ ಹ್ಯಾಕಿಂಗ್ ಎಂದರೆ ಎಲ್ಲರೂ ಹೇಳುವ ಕಥೆ 2015ರದು. ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಮನೆಯಲ್ಲಿ ಕೂತು, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೊಕಿ ಕಾರಿನ ವೈಪರ್ ಆಡಿಸಿದರು, ಹಾಡು ಜೋರು ಮಾಡಿದರು, ಕೊನೆಗೆ ಗಾಡಿ ವೇಗ ಕಳೆದುಕೊಂಡು ನಿಧಾನಿಸುವಂತೆ ಮಾಡಿದರು. ಒಳಗಿದ್ದ ಪತ್ರಕರ್ತರಿಗೆ ಮೊದಲೇ ಗೊತ್ತಿತ್ತು, ಅವರ ಒಪ್ಪಿಗೆಯ ಪ್ರಯೋಗ ಅದು. ಒಳಗೆ ಹೋದ ದಾರಿ ಬ್ರೇಕಲ್ಲ, ಎಂಜಿನ್ನಲ್ಲ: ಹಾಡು ಕೇಳುವ ಸ್ಕ್ರೀನು, ಅದಕ್ಕಿದ್ದ ಮೊಬೈಲ್ ನೆಟ್‌ವರ್ಕ್. ಕಂಪನಿ 14 ಲಕ್ಷ ಗಾಡಿಗಳನ್ನು ವಾಪಸ್ ಕರೆದು ಸಾಫ್ಟ್‌ವೇರ್ ಸರಿಪಡಿಸಿತು. ಅದಕ್ಕಾಗಿ ಅಂಚೆಯಲ್ಲಿ ಪೆನ್‌ಡ್ರೈವ್ ಕಳಿಸಿ ಬೈಸಿಕೊಂಡಿತು, ಏಕೆಂದರೆ ಅಂಚೆಯಲ್ಲಿ ಬಂದ ಪೆನ್‌ಡ್ರೈವನ್ನು ಕಾರಿಗೆ ಚುಚ್ಚುವುದನ್ನು ಜನ ರೂಢಿ ಮಾಡಿಕೊಂಡರೆ ಮುಂದಿನದನ್ನು ಕಳ್ಳರೂ ಕಳಿಸಬಹುದಲ್ಲ.

ಕಿಂಡಿ ಗೊತ್ತಾದ ಮೇಲೆ ಕಂಪನಿ ಅದನ್ನು ಮುಚ್ಚುವುದು ಅಪ್‌ಡೇಟಿನ ಮೂಲಕವೇ. "ಆಮೇಲೆ" ಎಂದು ಒತ್ತುತ್ತಾ ಹೋಗಬೇಡಿ. ಮನೆಯಲ್ಲಿ ನಿಲ್ಲಿಸಿದಾಗ ಮಾಡಿ. ಅಪ್‌ಡೇಟ್ ಆಗುವ ಹೊತ್ತು ಕೆಲವು ಕಾರುಗಳನ್ನು ಓಡಿಸಲು ಬರುವುದಿಲ್ಲ, 12 ವೋಲ್ಟಿನ ಬ್ಯಾಟರಿ ಇಳಿದಿದ್ದರೆ ಅರ್ಧಕ್ಕೆ ನಿಲ್ಲಲೂಬಹುದು. ಮದುವೆಗೆ ಹೊರಡುವ ಮುಂಚೆ ಶುರು ಮಾಡಬೇಡಿ. ಯಾರೋ ಗ್ರೂಪಿನಲ್ಲಿ ಹಂಚಿದ "ಫುಲ್ ಫೀಚರ್ ಅನ್‌ಲಾಕ್" ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಚುಚ್ಚುವುದಂತೂ ಬೇಡವೇ ಬೇಡ.

ಹೊಸ ಕಾರು ಕೊಳ್ಳುವವರು ಶೋರೂಮಿನಲ್ಲಿ ಕೇಳಿ: ಭದ್ರತೆಯ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ? ಉಚಿತ ಸಂಪರ್ಕದ ಅವಧಿ ಮುಗಿದ ಮೇಲೆ ಏನು? ಸೇಲ್ಸಿನವರು ಸನ್‌ರೂಫ್ ತೋರಿಸಲು ಹೋಗುತ್ತಾರೆ. ಮತ್ತೆ ಕೇಳಿ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಕಾರುಗಳಿಗೆ ವಿಶ್ವಸಂಸ್ಥೆಯ ಆರ್155 ಎಂಬ ಸೈಬರ್ ಭದ್ರತಾ ನಿಯಮ ಕಡ್ಡಾಯ. ಅದೇ ಜಾಡಿನಲ್ಲಿ ನಮ್ಮಲ್ಲಿ ಎಐಎಸ್-189, ಸಾಫ್ಟ್‌ವೇರ್ ಅಪ್‌ಡೇಟಿಗೆ ಎಐಎಸ್-190 ಎಂಬ ಮಾನದಂಡಗಳಿವೆ. ನಿಮ್ಮ ಮಾದರಿ ಅವುಗಳಿಗೆ ಹೊಂದುತ್ತದೆಯೇ ಎಂದೂ ಕೇಳಬಹುದು.

ಹಂತ 7: ಕಣ್ಣಿಗೆ ಮಣ್ಣು

ಸ್ವಯಂಚಾಲಿತ ಕಾರನ್ನು ಮೋಸ ಮಾಡಲು ಅದರೊಳಗೆ ನುಗ್ಗಲೇಬೇಕೆಂದಿಲ್ಲ, ಅದು ನೋಡುವುದನ್ನು ಬದಲಾಯಿಸಿದರೂ ಸಾಕು. 2019ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿಯ ಕೀನ್ ಲ್ಯಾಬ್‌ನವರು ನೆಲಕ್ಕೆ ಪುಟ್ಟ ಸ್ಟಿಕ್ಕರುಗಳನ್ನು ಅಂಟಿಸಿ ಟೆಸ್ಲಾ ಕಾರು ಎದುರಿನ ಲೇನಿನತ್ತ ಹೊರಳುವಂತೆ ಮಾಡಿದರು. 2020ರಲ್ಲಿ ಮ್ಯಾಕಫಿ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಸಂಶೋಧಕರು ಗಂಟೆಗೆ 35 ಮೈಲು ಎಂಬ ಬೋರ್ಡಿನ 3ರ ನಡುಗೆರೆಯನ್ನು ಕಪ್ಪು ಟೇಪಿನಿಂದ ಉದ್ದ ಮಾಡಿದರು. 2016ರ ಟೆಸ್ಲಾ ಕಾರು ಅದನ್ನು 85 ಎಂದು ಓದಿ ವೇಗ ಹೆಚ್ಚಿಸಲು ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2023ರಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿಗಳನ್ನು ವಿರೋಧಿಸುವವರಿಗೆ ಟೇಪೂ ಬೇಕಾಗಲಿಲ್ಲ. ಬಾನೆಟ್ಟಿನ ಮೇಲೆ ಒಂದು ಟ್ರಾಫಿಕ್ ಕೋನ್ ಇಟ್ಟರು, ಗಾಡಿ ಅಲ್ಲೇ ನಿಂತಿತು.

ನಮ್ಮಲ್ಲಿ ಇಷ್ಟೆಲ್ಲ ಕಷ್ಟಪಡುವವರು ಯಾರೂ ಬೇಕಿಲ್ಲ. ಸುಗ್ಗಿಯಲ್ಲಿ ಊರೊಳಗಿನ ರಸ್ತೆಗೆ ಬನ್ನಿ. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿರುತ್ತಾರೆ, ಅಂಚಿಗೆ ಕಲ್ಲು, ಮುಳ್ಳಿನ ಟೊಂಗೆ ಇಟ್ಟಿರುತ್ತಾರೆ. ಬಿಳಿ ಗೆರೆ ಜೋಳದ ಕೆಳಗೆ. ಕ್ಯಾಮೆರಾ ಜೋಳದ ಅಂಚನ್ನೇ ಲೇನ್ ಅಂದುಕೊಳ್ಳಬಹುದು, ಇಲ್ಲವೇ ಗೆರೆಯೇ ಇಲ್ಲ ಎಂದು ಸುಮ್ಮನಾಗಬಹುದು. ತಾನೇ ಬ್ರೇಕ್ ಹಾಕುವ ವ್ಯವಸ್ಥೆಗೆ ಮುಖ್ಯವಾಗಿ ಕಲಿಸಿರುವುದು ವಾಹನ, ಪಾದಚಾರಿ, ಸೈಕಲ್ ಸವಾರರನ್ನು ಗುರುತಿಸಲು. ರಾತ್ರಿ ರಸ್ತೆ ಮೇಲಿರುವ ಸೈಜುಗಲ್ಲನ್ನು ಅದು ಹಿಡಿಯುತ್ತದೆ ಎಂದು ನಂಬಬೇಡಿ. ಹಿಂದಿನ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರು, ಟ್ರೇಲರಿನಿಂದ ಆಚೆ ಚಾಚಿದ ಕಬ್ಬು, ಸರ್ವಿಸ್ ರಸ್ತೆಯಿಂದ ಎದುರುಬದುರು ನುಗ್ಗುವ ಬೈಕು, ಬಣ್ಣ ಬಳಿಯದ ಹಂಪು, ಇವು ನಮ್ಮ ಊರಿನ ಸ್ಟಿಕ್ಕರು, ಟೇಪು.

ಮಾಡಬೇಕಾದದ್ದು:

ಲೇನ್ ಹಿಡಿಯುವ ನೆರವನ್ನು ಗೆರೆ ಸರಿಯಾಗಿರುವ 48ನೇ ಹೆದ್ದಾರಿಯಲ್ಲಿ ಬಳಸಿ. ದಾವಣಗೆರೆಯ ಅಶೋಕ ರಸ್ತೆಯ ಸಂದಣಿಯಲ್ಲಿ, ಹೊಳಲ್ಕೆರೆ ಕಡೆಯ ಹಳ್ಳಿ ರಸ್ತೆಯಲ್ಲಿ ಆಫ್ ಮಾಡಿ. ತಾನೇ ಬ್ರೇಕ್ ಹಾಕುವ ಸೌಲಭ್ಯ ಮಾತ್ರ ಆನ್ ಇರಲಿ. ಮುಂದಿನ ಗಾಡಿಯ ದೂರ ಕಾಯುವ ಕ್ರೂಸ್ ಕಂಟ್ರೋಲನ್ನು ಅತಿ ಹೆಚ್ಚು ಅಂತರಕ್ಕೆ ಇಡಿ. ಬೈಕುಗಳು ನಡುವೆ ನುಗ್ಗುತ್ತವೆ, ನುಗ್ಗಲಿ.

ಗಾಜಿನ ಮೇಲೆ ಕ್ಯಾಮೆರಾ ಇರುವಲ್ಲಿ ದೇವರ ಸ್ಟಿಕ್ಕರ್, ಕುಲನಾಮ, ಟಿಂಟ್ ಪಟ್ಟಿ ಬೇಡ. ಆಯುಧಪೂಜೆಯಲ್ಲಿ ಗಾಜಿಗೆ ವಿಭೂತಿ ಬಳಿದು, ಮುಂದೆ ಬಾಳೆಕಂದು ಕಟ್ಟಿ, ಮಾಲೆ ಇಳಿಬಿಟ್ಟು ಹಾಗೇ ಒಂದು ಸುತ್ತು ಹೋಗಿಬರುವ ರೂಢಿ ನಮ್ಮದು. ಪೂಜೆ ಭರ್ಜರಿಯಾಗಿ ಮಾಡಿ, ಸುತ್ತು ಹೊರಡುವ ಮುಂಚೆ ಕ್ಯಾಮೆರಾದ ಜಾಗ ಮತ್ತು ರಾಡಾರ್ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಳೆಕಂದು ಅದಕ್ಕೆ ಅಡ್ಡ ಬರದಂತೆ ನೋಡಿ. ಮುಂದೆ ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸಬೇಡಿ. ಅದು ರಾಡಾರಿಗೆ ಅಡ್ಡ, ಅಲ್ಲದೆ ಅಂಥವುಗಳ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಗಾಜು ಒಡೆದು ಬದಲಾಯಿಸಿದರೆ ಕ್ಯಾಲಿಬ್ರೇಷನ್ ಮಾಡಿಸಲೇಬೇಕು, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ನೇರಕ್ಕೆ ಕೂರಿಸುವುದು. ಕೂದಲೆಳೆ ಓರೆಯಾದರೂ ನೂರು ಮೀಟರ್ ಮುಂದೆ ಪಕ್ಕದ ಲೇನ್ ನೋಡುತ್ತಿರುತ್ತದೆ. ಬಿಲ್ಲಿನಲ್ಲಿ ಅದು ಪ್ರತ್ಯೇಕವಾಗಿ ನಮೂದಾಗಿದೆಯೇ ನೋಡಿ.

ಹಂತ 8: ಕಾರು ಕಂಡದ್ದು, ಕೇಳಿದ್ದು

2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ, ಬಹಳಷ್ಟು ಕಾರುಗಳು ಎಲ್ಲಿ ನಿಂತಿದ್ದವು ಎನ್ನುವುದೂ ಸೇರಿ, ಸರಿಯಾದ ಬೀಗವಿಲ್ಲದೆ ಕ್ಲೌಡಿನಲ್ಲಿ ಬಿದ್ದಿದ್ದು ಬಯಲಾಯಿತು. ಹ್ಯಾಕರ್ ಬೇಕಾಗಿರಲಿಲ್ಲ.

ಆಪ್‌ನಲ್ಲಿ "ಗೌಪ್ಯತೆ" ಅಥವಾ "ಡೇಟಾ ಹಂಚಿಕೆ" ತೆರೆದು, ಮಾರ್ಕೆಟಿಂಗಿಗೆ ಒಪ್ಪಿಗೆ ಕೊಟ್ಟಿದ್ದರೆ ತೆಗೆಯಿರಿ. ಬಾಡಿಗೆ ಕಾರಿಗೆ ಫೋನ್ ಜೋಡಿಸಿದರೆ "ಕಾಂಟ್ಯಾಕ್ಟ್ಸ್ ಕೊಡಲೇ" ಎಂದು ಕೇಳಿದಾಗ ಬೇಡ ಎನ್ನಿ, ಇಳಿಯುವಾಗ ಅಳಿಸಿ. ಸರ್ವಿಸಿಗೆ ಬಿಡುವಾಗ ವ್ಯಾಲೆ ಮೋಡ್ ಇದ್ದರೆ ಹಾಕಿ, ಅದು ಸ್ಕ್ರೀನಿನೊಳಗಿನ ನಿಮ್ಮ ಮಾಹಿತಿಯನ್ನು ಮುಚ್ಚಿಡುತ್ತದೆ.

ಹಂತ 9: ಏನೋ ಎಡವಟ್ಟಾಗಿದೆ ಅನ್ನಿಸಿದರೆ

ಓಡುವಾಗ ಸ್ಟೀರಿಂಗ್ ತಾನೇ ಎಳೆದರೆ, ಕಾರಣವಿಲ್ಲದೆ ಬ್ರೇಕ್ ಬಿದ್ದರೆ, ಮೊದಲ ಅನುಮಾನ ಹ್ಯಾಕರ್ ಮೇಲೆ ಬೇಡ, ಕೊಳೆಯಾದ ಕ್ಯಾಮೆರಾ ಮೇಲೆ ಇರಲಿ. ಲೇನ್ ನೆರವು ಎಳೆಯುವ ಬಲ ನಿಮ್ಮ ತೋಳಿಗಿಂತ ಕಡಿಮೆ. ಗಟ್ಟಿಯಾಗಿ ಹಿಡಿದರೆ ಗೆಲ್ಲುವುದು ನೀವೇ. ಬ್ರೇಕ್ ಒತ್ತಿದರೆ ಕ್ರೂಸ್ ಕಂಟ್ರೋಲ್ ಬಿಡುತ್ತದೆ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ಬಂದು ನಿಲ್ಲಿಸಿ. ಓಡುತ್ತಿರುವಾಗ ಗಾಬರಿಯಲ್ಲಿ ಎಂಜಿನ್ ಆಫ್ ಮಾಡಬೇಡಿ, ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ನೆರವೂ ಹೋಗುತ್ತದೆ. ತೀರಾ ಅನಿವಾರ್ಯವಾದರೆ ಸ್ಟಾರ್ಟ್ ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಸ್ವಿಚ್ಚನ್ನು ಹೇಗೆ ಎಳೆಯಬೇಕು ಎನ್ನುವುದು ಮ್ಯಾನ್ಯುಯಲ್ಲಿನಲ್ಲಿದೆ. ಅದನ್ನು ಇವತ್ತೇ ಓದಿ ಗುರುತು ಹಾಕಿ, ಆ ಹೊತ್ತಿನಲ್ಲಿ ಓದಲು ಆಗುವುದಿಲ್ಲ.

ನಿಂತ ಮೇಲೆ ಸ್ಕ್ರೀನಿನಲ್ಲಿ ಬಂದ ಎಚ್ಚರಿಕೆಯ ಫೋಟೊ ತೆಗೆಯಿರಿ, ಸಮಯ ಮತ್ತು ಜಾಗ ಬರೆದುಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ "ಏನೂ ಇಲ್ಲ ಸರ್, ಸರಿಯಾಗೇ ಇದೆ" ಎಂದು ಕಳಿಸಿಬಿಡುವುದು ಸಾಮಾನ್ಯ. ಫೋಟೊ ಇದ್ದರೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಸಿ.

ಆಪ್‌ನಲ್ಲಿ ನೀವು ಮಾಡದ ಕೆಲಸ ಕಂಡರೆ, ಉದಾಹರಣೆಗೆ ನಡುರಾತ್ರಿ ಬಾಗಿಲು ತೆರೆದ ಸಂದೇಶ, ತಕ್ಷಣ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಫೋನುಗಳಿಂದ ಲಾಗ್ ಔಟ್ ಮಾಡಿ, ಕಂಪನಿಗೆ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆ ಇದೆ. ಕಾರೇ ಹೋಗಿದ್ದರೆ 112, ಮತ್ತು ಕಾರು ಎಲ್ಲಿದೆ ಎಂದು ಆಪ್ ತೋರಿಸುತ್ತಿದ್ದರೂ ನೀವೇ ಬೆನ್ನಟ್ಟಿ ಹೋಗಬೇಡಿ, ಆ ಜಾಗವನ್ನು ಪೊಲೀಸರಿಗೆ ತೋರಿಸಿ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033.

ಈ ನಂಬರುಗಳನ್ನೂ ವಿಮೆಯ ಪಾಲಿಸಿ ನಂಬರನ್ನೂ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದು, ನೋಟ್‌ಬುಕ್ಕನ್ನು ಮನೆಯಲ್ಲಿಡಿ. ಕಾರಿನಲ್ಲಿಟ್ಟರೆ ಕಾರಿನ ಜತೆ ಅದೂ ಹೋಗುತ್ತದೆ. ಎರಡನೇ ಕೀಯನ್ನೂ ಅದರ ಪಕ್ಕದಲ್ಲೇ, ಪರೀಕ್ಷೆ ಮಾಡಿದ ಚೀಲದಲ್ಲಿ ಇಡಿ. ಕಳ್ಳತನದ ಕ್ಲೇಮಿಗೆ ಹೋದಾಗ ವಿಮೆಯವರು ಕೇಳುವುದು ಎರಡೂ ಕೀಗಳನ್ನು.